ಬಿಚ್ಚದ ಕಾಗದ, ಎಣಿಸದ ನಾಣ್ಯ

ಅಮೆರಿಕದಿಂದ ಡೊಂಬಿವಲಿಗೆ ಬಂದ ಮೂರು ಕಟ್ಟುಗಳ ಕಥೆ

ಮುಂಬಯಿ: ಮಹಾನಗರ ಮತ್ತು ಉಪನಗರಗಳ ಯಾವುದೇ ಕನ್ನಡ ಸಂಘದ ಸಭೆಗೆ ಹೋದರೂ ಎರಡು ಬಗೆಯ ಹಿರಿಯರು ಧಾರಾಳವಾಗಿ ಸಿಗುತ್ತಾರೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ಒಂದು ಬಗೆ. ಮಕ್ಕಳೋ ತಂಗಿ-ಭಾವಂದಿರೋ ಅಮೆರಿಕದಲ್ಲಿ ನೆಲೆಸಿರುವವರು ಇನ್ನೊಂದು ಬಗೆ. ಎರಡೂ ಒಂದೇ ಮನೆಯಲ್ಲಿ ಕೂಡಿಬಂದಿರುವುದೂ ಅಪರೂಪವೇನಲ್ಲ. ಡೊಂಬಿವಲಿಯ ಅಂಥದೊಂದು ಮನೆಗೆ ಕಳೆದ ಮಳೆಗಾಲದಲ್ಲಿ ನ್ಯೂಜೆರ್ಸಿಯಿಂದ ಮೂರು ಪುಟ್ಟ ಕಾಗದದ ಕಟ್ಟುಗಳು ಬಂದವು. ಮಾರಿ ಬಿಸ್ಕಿಟಿನ ಪೊಟ್ಟಣದಂತೆ ಉರುಟಾಗಿ, ಅದಕ್ಕಿಂತ ಬಹಳ ಸಣ್ಣದಾಗಿ, ಕೈಗೆ ತೆಗೆದುಕೊಂಡರೆ ಕಲ್ಲಿನಂತೆ ಭಾರವಾಗಿದ್ದ ಆ ಕಟ್ಟುಗಳೊಳಗೆ ನಾಣ್ಯಗಳಿದ್ದವು. ಮೂರರಲ್ಲಿ ಒಂದನ್ನೂ ಯಾರೂ ಬಿಚ್ಚಿರಲಿಲ್ಲ.

ಕಟ್ಟುಗಳನ್ನು ತಂದವರು ಆ ಮನೆಯ ಹಿರಿಯರ ಸೋದರಳಿಯ. ಹಿರಿಯರು ಕರಾವಳಿ ಮೂಲದ ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ದುಡಿದು, ಮುಖ್ಯ ಕ್ಯಾಷಿಯರ್ ಆಗಿ ನಿವೃತ್ತರಾದವರು. ಬಳಿಕ ತಮ್ಮ ಸಂಘದ ಕೋಶಾಧಿಕಾರಿಯಾಗಿಯೂ ಹಲವು ವರ್ಷ ಸೇವೆ ಸಲ್ಲಿಸಿದವರು. ಹೆಸರು ಹಾಕುವುದು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ. ಅವರ ಭಾವ, ಅಂದರೆ ತಂಗಿಯ ಗಂಡ, 1972ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆಸಿದ್ದರು. ದೀರ್ಘ ಕಾಲದ ಅನಾರೋಗ್ಯದ ಬಳಿಕ ಅವರು ತೀರಿಕೊಂಡಾಗ ಕಪಾಟಿನ ಮೂಲೆಯಲ್ಲಿ ಈ ಕಟ್ಟುಗಳು ಸಿಕ್ಕಿದವು. ಆಸ್ಪತ್ರೆಯ ಬಿಲ್ಲು ಇನ್ನೂ ಪೂರ್ತಿ ತೀರಿರಲಿಲ್ಲ. ಪರಿಚಯದ ಯಾರೋ ಒಬ್ಬರು, ಇದರಲ್ಲಿ ಒಂದು ಕಟ್ಟಿಗೇ ಸಾವಿರಾರು ಡಾಲರ್ ಬರುತ್ತದೆ, ಆದರೆ ಬಿಚ್ಚಿದರೆ ಬೆಲೆ ಹೋಯಿತು ಎಂದು ಹೇಳಿಬಿಟ್ಟಿದ್ದರು. ತಂಗಿಗೆ ಮಾರುವ ಧೈರ್ಯವೂ ಇಲ್ಲ, ಬಿಚ್ಚುವ ಧೈರ್ಯವೂ ಇಲ್ಲ. ‘ಅಣ್ಣ ಜೀವಮಾನವಿಡೀ ಹಣ ಎಣಿಸಿದವರು, ಅವರನ್ನೇ ಕೇಳು’ ಎಂದು ಮಗನ ಕೈಯಲ್ಲಿ ಕಳುಹಿಸಿಕೊಟ್ಟಿದ್ದರು.

‘ಮಾಮ, ಇದನ್ನು ಬಿಚ್ಚಬಹುದಾ?’ ಎಂದು ಅಳಿಯ ಕೇಳಿದಾಗ ಹಿರಿಯರು ಕೊಟ್ಟ ಉತ್ತರ ಹೀಗಿತ್ತು: ‘ಬಿಚ್ಚುವುದು ಆಮೇಲೆ. ಮೊದಲು ಇದನ್ನು ಕಟ್ಟಿದವರು ಯಾರು ಅಂತ ನೋಡುವ.’

ಈ ಲೇಖನ ಬರೆಯಲು ಆ ಮಾತೇ ಪ್ರೇರಣೆ.

ಚೀಲ ಟಂಕಸಾಲೆಯದು, ಕಾಗದ ಬ್ಯಾಂಕಿನದು

ಅಮೆರಿಕದಲ್ಲಿ ನಾಣ್ಯಗಳನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿ ಕೊಡುವುದು ಬಹಳ ಹಳೆಯ ಪದ್ಧತಿ. ಅದಕ್ಕೆ ಅಲ್ಲಿ ರೋಲ್ ಎನ್ನುತ್ತಾರೆ. ಯಾವ ನಾಣ್ಯದ ರೋಲ್‌ನಲ್ಲಿ ಎಷ್ಟಿರಬೇಕು ಎಂಬುದು ನಿಗದಿಯಾಗಿದೆ. ಒಂದು ಸೆಂಟ್ ಆದರೆ 50, ನಿಕ್ಕಲ್ ಎಂದು ಕರೆಯುವ 5 ಸೆಂಟ್ ಆದರೆ 40, ಡೈಮ್ ಎಂಬ 10 ಸೆಂಟ್ ಆದರೆ 50, ಕ್ವಾರ್ಟರ್ ಎಂಬ ಕಾಲು ಡಾಲರ್ ಆದರೆ 40, ಅರ್ಧ ಡಾಲರ್ ಆದರೆ 20. ನಿಕ್ಕಲ್ ರೋಲ್‌ನ ಮುಖಬೆಲೆ 2 ಡಾಲರ್, ಕ್ವಾರ್ಟರ್ ರೋಲ್‌ನ ಮುಖಬೆಲೆ 10 ಡಾಲರ್. ನಮ್ಮ ಹೋಟೆಲ್ ಉದ್ಯಮಿಗಳು ಚಿಲ್ಲರೆಗಾಗಿ ಬ್ಯಾಂಕಿನಿಂದ ನಾಣ್ಯದ ಚೀಲ ತರುವಂತೆ ಅಲ್ಲಿನ ಅಂಗಡಿಯವರು ಈ ರೋಲ್‌ಗಳನ್ನು ತಂದು, ಗಲ್ಲಾಪೆಟ್ಟಿಗೆಯ ಅಂಚಿಗೆ ಬಡಿದು ಒಡೆದು, ನಾಣ್ಯ ಸುರಿದುಕೊಳ್ಳುತ್ತಾರೆ.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಹಿಂದಿನ ಕಾಲದಲ್ಲಿ ಅಮೆರಿಕದ ಟಂಕಸಾಲೆ ನಾಣ್ಯಗಳನ್ನು ರೋಲ್ ಮಾಡಿ ಕಳುಹಿಸುತ್ತಿರಲಿಲ್ಲ. ಹೊಲಿದ ದಪ್ಪ ಬಟ್ಟೆಯ ಚೀಲಗಳಲ್ಲಿ ಕಳುಹಿಸುತ್ತಿತ್ತು. ಒಂದು ಚೀಲದಲ್ಲಿ 4,000 ನಿಕ್ಕಲ್, ಇಲ್ಲವೇ 4,000 ಕ್ವಾರ್ಟರ್. ಚೀಲ ಬಿಚ್ಚಿ, ಎಣಿಸಿ, ಕಾಗದ ಸುತ್ತುತ್ತಿದ್ದವರು ಬ್ಯಾಂಕಿನವರು ಅಥವಾ ಹಣ ಸಾಗಿಸುವ ಕಂಪೆನಿಯವರು. ಈಚಿನ ದಶಕಗಳಲ್ಲಿ ಟಂಕಸಾಲೆಯೇ ತನ್ನ ಹೆಸರಿನ ಕಾಗದದಲ್ಲಿ ಸುತ್ತಿದ ರೋಲ್‌ಗಳನ್ನು ಸಂಗ್ರಾಹಕರಿಗೆ ಮಾರುವುದುಂಟು, ಆದರೆ ಹಳೆಯ ರೋಲ್‌ಗಳ ಮಟ್ಟಿಗೆ ಕಾಗದದ ಮೇಲಿರುವ ಹೆಸರು ಬ್ಯಾಂಕಿನದು ಮಾತ್ರ. ಆ ಕಾಗದ ಹೇಳುವುದು ಒಂದೇ ಮಾತು: ಇದರೊಳಗೆ ಇಷ್ಟು ನಾಣ್ಯ, ಇಷ್ಟು ಮೊತ್ತ. ನಾಣ್ಯ ಯಾವ ವರ್ಷದ್ದು, ಹೊಸತೋ ಸವೆದದ್ದೋ ಎಂಬ ಮಾತು ಅದರಲ್ಲಿಲ್ಲ.

ಯಾಕೆಂದರೆ ಬ್ಯಾಂಕುಗಳು ಟಂಕಸಾಲೆಯಿಂದ ಬಂದ ಹೊಸ ನಾಣ್ಯಗಳನ್ನು ಸುತ್ತುತ್ತಿದ್ದಂತೆಯೇ ಗ್ರಾಹಕರು ತಂದು ಕಟ್ಟಿದ ಹಳೆಯ ನಾಣ್ಯಗಳನ್ನೂ ಅದೇ ಕಾಗದದಲ್ಲಿ ಸುತ್ತುತ್ತಿದ್ದವು. ಯಂತ್ರ ಕಾಗದದ ಎರಡೂ ತುದಿಯನ್ನು ಒಳಕ್ಕೆ ಮಡಚಿ ಒತ್ತುತ್ತದೆ. ನಡುವೆ ಉರುಟಾದ ಕಿಂಡಿಯಲ್ಲಿ ತುದಿಯ ನಾಣ್ಯ ಇಣುಕುತ್ತದೆ. ನೋಡಲು ಕೋವಿಯ ತೋಟೆಯಂತೆ ಕಾಣುವುದರಿಂದ ಇದಕ್ಕೆ ಅಲ್ಲಿ ಶಾಟ್‌ಗನ್ ರೋಲ್ ಎಂಬ ಅಡ್ಡಹೆಸರೂ ಇದೆ.

ನಮ್ಮ ಕ್ಯಾಷಿಯರ್ ಹಿರಿಯರಿಗೆ ಮೊದಲು ಕಣ್ಣಿಗೆ ಬಿದ್ದ ಕೊರತೆಯೂ ಇದೇ. ‘ನಮ್ಮಲ್ಲಿ ನೂರು ನೋಟಿನ ಕಟ್ಟಿಗೆ ಒಂದು ಚೀಟಿ. ಅದರ ಮೇಲೆ ತಾರೀಕು, ಎಣಿಸಿದವನ ಸಹಿ. ಕಡಿಮೆ ಬಿದ್ದರೆ ಸಹಿ ಹಾಕಿದವನ ತಲೆಗೆ ಬರುತ್ತದೆ. ಇದರಲ್ಲಿ ಸಹಿಯೂ ಇಲ್ಲ, ತಾರೀಕೂ ಇಲ್ಲ. ಬ್ಯಾಂಕಿನ ಹೆಸರು ಒಂದಿದೆ, ಅಷ್ಟೇ’ ಎಂದು ಅವರು ಅಳಿಯನಿಗೆ ತೋರಿಸಿದರು.

ಕೂಡಿಟ್ಟವರು ಯಾಕೆ ಕೂಡಿಟ್ಟರು?

ಖರ್ಚು ಮಾಡಲೆಂದೇ ಕಟ್ಟಿದ ರೋಲ್ ಎಪ್ಪತ್ತು ವರ್ಷ ಒಡೆಯದೆ ಉಳಿಯುವುದಾದರೂ ಹೇಗೆ? ಉತ್ತರ ಸರಳ. ಯಾರೋ ಬೇಕೆಂದೇ ಉಳಿಸಿದ್ದಾರೆ. ಅಮೆರಿಕದಲ್ಲಿ ಹೊಸ ನಾಣ್ಯಗಳನ್ನು ರೋಲ್ ಲೆಕ್ಕದಲ್ಲಿ ತೆಗೆದಿಡುವ ಹವ್ಯಾಸ ಬೆಳೆದದ್ದು 1930ರ ದಶಕದ ನಡುಭಾಗದಿಂದ. ಅದಕ್ಕೂ ಹಿಂದಿನ ಹೊಸ ನಾಣ್ಯಗಳ ರೋಲ್‌ಗಳು ಬಲು ಅಪರೂಪ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ 10 ಡಾಲರ್‌ನ ಕ್ವಾರ್ಟರ್‌ಗಳನ್ನು ಸುಮ್ಮನೆ ಕಪಾಟಿನಲ್ಲಿಡುವ ಶಕ್ತಿ ಎಷ್ಟು ಮಂದಿಗಿತ್ತು?

1950ರಲ್ಲಿ ಈ ಹವ್ಯಾಸ ಜ್ವರವಾಯಿತು. ಆ ವರ್ಷ ಡೆನ್ವರ್ ಟಂಕಸಾಲೆ ಹೊರತಂದ ನಿಕ್ಕಲ್‌ಗಳ ಸಂಖ್ಯೆ ಕೇವಲ 26,30,030. ಜೆಫರ್ಸನ್ ಮುಖವಿರುವ ಚಲಾವಣೆಯ ನಿಕ್ಕಲ್‌ಗಳಲ್ಲಿ ಅತಿ ಕಡಿಮೆ ಟಂಕಿಸಲ್ಪಟ್ಟದ್ದು ಇದುವೇ. ಡೆನ್ವರ್‌ನ ಗುರುತಾದ ಡಿ ಅಕ್ಷರ ಸೇರಿಸಿ ಇದನ್ನು 1950-ಡಿ ಎನ್ನುತ್ತಾರೆ. ಸುದ್ದಿ ಹರಡಿದ್ದೇ ತಡ, ಜನ ರೋಲ್‌ಗಟ್ಟಲೆ, ಚೀಲಗಟ್ಟಲೆ ಕೂಡಿಟ್ಟರು. 1960ರ ದಶಕದ ಆರಂಭದಲ್ಲಿ ಮುಖಬೆಲೆ 2 ಡಾಲರ್‌ನ ಈ ರೋಲ್ ಸಾವಿರ ಡಾಲರ್‌ಗೂ ಮೇಲೆ ಮಾರಾಟವಾಯಿತು. 1964ರ ಬಳಿಕ ರೋಲ್‌ಗಳ ಮಾರುಕಟ್ಟೆ ಕುಸಿದಾಗ ಅದೂ ಕುಸಿಯಿತು. ಕಾರಣ ಸ್ಪಷ್ಟ. ಎಲ್ಲರೂ ಕೂಡಿಟ್ಟದ್ದು ಅಪರೂಪವಾಗುವುದು ಹೇಗೆ? ಇಂದಿಗೂ 1950-ಡಿ ನಿಕ್ಕಲ್‌ಗಳಲ್ಲಿ ಕೈ ಬದಲಾಗಿ ಸವೆದದ್ದಕ್ಕಿಂತ ಹೊಸತಾಗಿಯೇ ಉಳಿದದ್ದು ಹೆಚ್ಚು ಸುಲಭವಾಗಿ ಸಿಗುತ್ತದೆ ಎಂಬುದು ಸಂಗ್ರಾಹಕರ ವಲಯದ ಹಳೆಯ ಮಾತು.

ಮುಚ್ಚಿದ ಚೀಲವೊಂದು ಬೆಲೆಯನ್ನು ಹೇಗೆ ತಲೆಕೆಳಗು ಮಾಡಬಲ್ಲುದು ಎಂಬುದಕ್ಕೆ ಇನ್ನೊಂದು ಉದಾಹರಣೆ 1962ರದ್ದು. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಬೆಳ್ಳಿ ಡಾಲರ್, ಹೊಸ ಸ್ಥಿತಿಯಲ್ಲಿ, ಅದುವರೆಗೆ ಸಂಗ್ರಾಹಕರ ಕನಸಿನ ನಾಣ್ಯವಾಗಿತ್ತು. ಆ ವರ್ಷದ ಕೊನೆಗೆ ಸರಕಾರದ ಖಜಾನೆಯಲ್ಲಿ ದಶಕಗಳಿಂದ ಮುಚ್ಚಿದ್ದ ಚೀಲಗಳು ಹೊರಬಂದಾಗ ಅದೇ ನಾಣ್ಯ ಸಾವಿರಗಟ್ಟಲೆ ಸುರಿಯಿತು. ಬೆಲೆ ನೆಲಕಚ್ಚಿತು. ಮುಚ್ಚಿಟ್ಟದ್ದು ಇರುವಷ್ಟು ದಿನ ಅಪರೂಪ ಎಂಬುದೂ ಒಂದು ನಂಬಿಕೆ ಮಾತ್ರ.

ಉಳಿದದ್ದರಲ್ಲಿ ಅಳಿದದ್ದೆಷ್ಟು?

ಹಾಗೆ ಉಳಿದ ರೋಲ್‌ಗಳಿಗೆ ಎರಡು ದೊಡ್ಡ ಹೊಡೆತಗಳು ಬಿದ್ದವು. ಮೊದಲನೆಯದು ಬೆಳ್ಳಿಯದು. 1964ರ ವರೆಗಿನ ಡೈಮ್, ಕ್ವಾರ್ಟರ್, ಅರ್ಧ ಡಾಲರ್‌ಗಳಲ್ಲಿ ಶೇಕಡಾ 90ರಷ್ಟು ಬೆಳ್ಳಿ ಇತ್ತು. 1965ರ ಕಾನೂನು ಡೈಮ್ ಮತ್ತು ಕ್ವಾರ್ಟರ್‌ಗಳಿಂದ ಬೆಳ್ಳಿಯನ್ನು ಪೂರ್ತಿ ತೆಗೆದುಹಾಕಿತು. ಒಳಗೆ ತಾಮ್ರ, ಹೊರಗೆ ತಾಮ್ರ-ನಿಕ್ಕಲ್ ಮಿಶ್ರಣದ ಹೊದಿಕೆಯ ನಾಣ್ಯ ಬಂತು. 1979ರ ಆರಂಭದಲ್ಲಿ ಔನ್ಸಿಗೆ ಸುಮಾರು 6 ಡಾಲರ್ ಇದ್ದ ಬೆಳ್ಳಿ, ಟೆಕ್ಸಾಸಿನ ಹಂಟ್ ಸೋದರರ ಖರೀದಿಯ ಭರಾಟೆಯಲ್ಲಿ 1980ರ ಜನವರಿಗೆ 50 ಡಾಲರ್ ಸಮೀಪಿಸಿತು. ಜನ ಹಳೆಯ ನಾಣ್ಯಗಳನ್ನು ಹೊತ್ತು ಅಂಗಡಿಗಳ ಮುಂದೆ ಸಾಲುಗಟ್ಟಿದರು. ಆಗ ಕರಗಿಸುವ ಕುಲುಮೆಗೆ ಹೋದದ್ದು ಸವೆದ ನಾಣ್ಯ ಮಾತ್ರವಲ್ಲ, ಒಮ್ಮೆಯೂ ಬಿಚ್ಚದ ಹೊಸ ರೋಲ್‌ಗಳೂ ಅದರೊಂದಿಗೆ ಹೋದವು.

ಎರಡನೆಯ ಹೊಡೆತ ಸದ್ದಿಲ್ಲದ್ದು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಬಂದು ನಾಣ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ, 1ರಿಂದ 70ರ ವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡತೊಡಗಿದವು. ಸಾಮಾನ್ಯ ನಾಣ್ಯವಾದರೂ ಒಂದು ಗೀರೂ ಇಲ್ಲದೆ ಹೆಚ್ಚಿನ ಅಂಕ ಪಡೆದರೆ ಬೆಲೆ ಹಲವು ಪಟ್ಟು. ಅಂದಿನಿಂದ ವ್ಯಾಪಾರಿಗಳು ಹಳೆಯ ರೋಲ್‌ಗಳನ್ನು ಕೊಂಡು ಬಿಚ್ಚಿ, ನಲ್ವತ್ತರಲ್ಲಿ ಒಳ್ಳೆಯದನ್ನು ಆರಿಸಿ, ಮಿಕ್ಕದ್ದನ್ನು ಮತ್ತೆ ಸುತ್ತಿ ಮಾರತೊಡಗಿದರು. ಹೀಗಾಗಿ ನಿಜವಾಗಿಯೂ ಬಿಚ್ಚದ ರೋಲ್‌ಗಳು ವರ್ಷ ವರ್ಷವೂ ಕಡಿಮೆಯಾಗುತ್ತ ಬಂದರೂ ‘ಬಿಚ್ಚದ ರೋಲ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರುವವುಗಳಿಗೆ ಕೊರತೆಯೇ ಇಲ್ಲ. ಈ ಅಂತರವನ್ನು ಅರ್ಥ ಮಾಡಿಕೊಂಡರೆ ಅರ್ಧ ಮೋಸದಿಂದ ಪಾರಾದಂತೆ.

ತುದಿಯಲ್ಲಿ ಒಂದು, ಒಳಗೆ ಇನ್ನೊಂದು

ಮೋಸದ ಉಪಾಯ ಬಹಳ ಸುಲಭದ್ದು. ಕೊಳ್ಳುವವರಿಗೆ ಕಾಣುವುದು ತುದಿಯ ಎರಡು ನಾಣ್ಯ ಮಾತ್ರ. ಅಲ್ಲಿ ಬೆಲೆಬಾಳುವುದನ್ನು ಇಟ್ಟು ನಡುವೆ ಸವೆದ ಸಾಮಾನ್ಯ ನಾಣ್ಯ ತುಂಬಿದರೆ ಕೆಲಸ ಮುಗಿಯಿತು. ಅಂತರ್ಜಾಲದ ಹರಾಜುಗಳಲ್ಲಿ ಹೆಚ್ಚು ಕಾಣುವುದು ಗೋಧಿ ತೆನೆಯ ಸೆಂಟ್‌ಗಳ ರೋಲ್. 1909ರಿಂದ 1958ರ ವರೆಗಿನ ಒಂದು ಸೆಂಟ್ ನಾಣ್ಯದ ಹಿಂಬದಿಯಲ್ಲಿ ಗೋಧಿ ತೆನೆಗಳಿವೆ. ಅಂಥ ರೋಲ್‌ನ ಒಂದು ತುದಿಯಲ್ಲಿ ಅದಕ್ಕೂ ಹಿಂದಿನ, 1909ಕ್ಕೆ ನಿಂತುಹೋದ ಇಂಡಿಯನ್ ಹೆಡ್ ಸೆಂಟ್ ಇಣುಕುತ್ತಿರುತ್ತದೆ. ‘ಯಾರೂ ಹುಡುಕಿ ನೋಡದ ಹಳೆಯ ರೋಲ್’ ಎಂದು ಬರೆದಿರುತ್ತಾರೆ. ತುದಿಯಲ್ಲೇ ಇಷ್ಟು ಹಳೆಯದಿದ್ದರೆ ಒಳಗೆ ಏನೇನಿರಬಹುದೋ ಎಂಬ ಆಸೆಗೆ ಜನ ಬೆಲೆ ಕೂಗುತ್ತಾರೆ. ಒಳಗಿನದನ್ನು ನೋಡದವನಿಗೆ ತುದಿಯಲ್ಲಿ ಅದೇ ನಾಣ್ಯ ಸಿಕ್ಕಿದ್ದು ಹೇಗೆ, ಒಬ್ಬನೇ ಮಾರಾಟಗಾರನ ಹತ್ತಾರು ರೋಲ್‌ಗಳಿಗೂ ಅದೇ ಅದೃಷ್ಟ ಹೇಗೆ ಎಂದು ಕೇಳುವವರು ಕಡಿಮೆ.

ಕಾಗದ ಹಳೆಯದಲ್ಲವೇ ಎಂದರೆ ಅದೂ ಸಾಕ್ಷಿಯಲ್ಲ. ಬಳಸದೆ ಉಳಿದ ಹಳೆಯ ಬ್ಯಾಂಕುಗಳ ಖಾಲಿ ಕಾಗದಗಳು ಮಾರಾಟಕ್ಕೆ ಸಿಗುತ್ತವೆ. ತುದಿ ಮಡಚುವ ಕೈಯಂತ್ರವೂ ಸಿಗುತ್ತದೆ. ಒಂದು ತುದಿ ಮೊದಲೇ ಮಡಚಿದ ಕಾಗದವೂ ಸಿಗುತ್ತದೆ. ಹಾಗಾಗಿ ಕಾಗದ ಎಪ್ಪತ್ತು ವರ್ಷದ್ದಾಗಿದ್ದರೂ ಸುತ್ತಿದ್ದು ನಿನ್ನೆಯಾಗಿರಬಹುದು. ಕಾಗದದಿಂದ ತಪ್ಪನ್ನು ಹಿಡಿಯಬಹುದು, ಸರಿಯನ್ನು ಸಾಧಿಸಲಾಗದು. ಉದಾಹರಣೆಗೆ, ಅಮೆರಿಕದ ಅಂಚೆಯ ಜಿಪ್ ಕೋಡ್ ಜಾರಿಗೆ ಬಂದದ್ದು 1963ರ ಜುಲೈಯಲ್ಲಿ. 1950ರಲ್ಲಿ ಸುತ್ತಿದ್ದು ಎನ್ನುವ ರೋಲ್‌ನ ಕಾಗದದಲ್ಲಿ ಬ್ಯಾಂಕಿನ ವಿಳಾಸಕ್ಕೆ ಜಿಪ್ ಕೋಡ್ ಇದ್ದರೆ ಆ ಮಾತು ಸುಳ್ಳು. ಆದರೆ ಜಿಪ್ ಕೋಡ್ ಇಲ್ಲವೆಂದ ಮಾತ್ರಕ್ಕೆ ಅದು 1950ರದ್ದೇ ಎನ್ನಲಾಗದು. ಬ್ಯಾಂಕಿನ ಹೆಸರೂ ಹಾಗೆಯೇ. ನಮ್ಮ ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ಆ ಹೆಸರಿನ ಲಕೋಟೆಗಳು ಇಂದಿಗೂ ನಮ್ಮಲ್ಲಿ ಹಲವರ ಮೇಜಿನ ಡ್ರಾಯರಿನಲ್ಲಿವೆ. ಅದರೊಳಗೆ ಇವತ್ತಿನ ನೋಟು ಹಾಕಿದರೆ ನೋಟು ಹಳೆಯದಾಗುತ್ತದೆಯೇ?

ಇನ್ನೂ ಒಂದು ಸೂಕ್ಷ್ಮವಿದೆ. ನಮ್ಮ ನಾಣ್ಯಗಳಲ್ಲಿ ಇಸವಿಯ ಕೆಳಗೇ ಟಂಕಸಾಲೆಯ ಗುರುತು ಇರುತ್ತದೆ. ಮುಂಬಯಿಯದ್ದಾದರೆ ವಜ್ರಾಕೃತಿ, ಹೈದರಾಬಾದಿನದ್ದಾದರೆ ನಕ್ಷತ್ರ, ನೊಯಿಡಾದ್ದಾದರೆ ಉರುಟು ಚುಕ್ಕೆ, ಕೋಲ್ಕತಾದ್ದಾದರೆ ಏನೂ ಇಲ್ಲ. ಒಂದೇ ಕಡೆ ನೋಡಿದರೆ ಎರಡೂ ತಿಳಿಯುತ್ತದೆ. ಆದರೆ ಅಮೆರಿಕದ 1964ರ ವರೆಗಿನ ನಿಕ್ಕಲ್ ಮತ್ತು ಬಹುತೇಕ ಕ್ವಾರ್ಟರ್‌ಗಳಲ್ಲಿ ಇಸವಿ ಇರುವುದು ತಲೆಯ ಬದಿಯಲ್ಲಿ, ಟಂಕಸಾಲೆಯ ಅಕ್ಷರ ಇರುವುದು ಹಿಂಬದಿಯಲ್ಲಿ. ರೋಲ್‌ನ ಒಂದು ತುದಿಯಲ್ಲಿ 1950 ಎಂದೂ ಇನ್ನೊಂದು ತುದಿಯಲ್ಲಿ ಡಿ ಎಂದೂ ಕಂಡರೆ ಅವು ಎರಡು ಬೇರೆ ಬೇರೆ ನಾಣ್ಯಗಳು. ಎರಡನ್ನೂ ಮನಸ್ಸಿನಲ್ಲಿ ಕೂಡಿಸಿ 1950-ಡಿ ಎಂದು ಓದುವುದು ನೋಡುವವರ ಆಸೆ, ನಾಣ್ಯದ ಮಾತಲ್ಲ.

ಹಾಗಾದರೆ ಒಳ್ಳೆಯ ಲಕ್ಷಣಗಳೇ ಇಲ್ಲವೇ? ಇವೆ. ದಶಕಗಳ ಕಾಲ ಒಂದೇ ಕಾಗದದಲ್ಲಿದ್ದ ಬೆಳ್ಳಿ ನಾಣ್ಯದ ತುದಿಯ ಮುಖ ಗಾಳಿಗೂ ಕಾಗದದ ಗಂಧಕಕ್ಕೂ ಬಣ್ಣಗಟ್ಟಿರುತ್ತದೆ. ಆ ಬಣ್ಣದ ಉಂಗುರ ಕಾಗದದ ಕಿಂಡಿಯ ಅಳತೆಗೆ ಸರಿಹೊಂದಬೇಕು. ಮಡಿಕೆ ಒಮ್ಮೆ ಬಿಡಿಸಿ ಮತ್ತೆ ಒತ್ತಿದಂತೆ ಇರಬಾರದು. ಬಿಚ್ಚಿದ ಮೇಲೆ ಒಳಗಿನ ನಾಣ್ಯಗಳೆಲ್ಲ ಒಂದೇ ಬಗೆಯ ಹೊಳಪಿನವಾಗಿ, ಎಷ್ಟೋ ಸಲ ಒಂದೇ ಅಚ್ಚಿನ ಒಂದೇ ಗೆರೆಯನ್ನು ಹೊತ್ತಿರುತ್ತವೆ, ಒಂದೇ ಚೀಲದಿಂದ ಬಂದುದರಿಂದ. ಆದರೆ ಈ ಕೊನೆಯ ಲಕ್ಷಣ ತಿಳಿಯುವುದು ಬಿಚ್ಚಿದ ಮೇಲೆಯೇ. ಬಿಚ್ಚಿದರೆ ಬೆಲೆ ಹೋದೀತೆಂಬ ಅಂಜಿಕೆಯಲ್ಲಿ ಒಬ್ಬರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ ಮಾರುತ್ತ ಹೋಗುತ್ತಾರೆ. ಮೋಸಗಾರನಿಗೆ ಆ ಅಂಜಿಕೆಯೇ ಬಂಡವಾಳ.

ತಕ್ಕಡಿ ಹೇಳಿದ ಮಾತು

ಹಿರಿಯರು ಅಳಿಯನನ್ನು ಕರೆದುಕೊಂಡು ಪರಿಚಯದ ಚಿನ್ನದ ಅಂಗಡಿಗೆ ಹೋದರು. ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆ ತೂಕ. ಬೆಳ್ಳಿಯ ಕ್ವಾರ್ಟರ್ ಹೊಸತರಲ್ಲಿ 6.25 ಗ್ರಾಂ, 40ಕ್ಕೆ 250 ಗ್ರಾಂ. ಬೆಳ್ಳಿ ಇಲ್ಲದ ಕ್ವಾರ್ಟರ್ 5.67 ಗ್ರಾಂ, 40ಕ್ಕೆ ಸುಮಾರು 227 ಗ್ರಾಂ. ತುದಿಗೆ ಎರಡು ಬೆಳ್ಳಿ ಇಟ್ಟು ನಡುವೆ 38 ಬೆಳ್ಳಿಯಿಲ್ಲದ್ದು ತುಂಬಿದರೆ ಸುಮಾರು 228. ತಕ್ಕಡಿಯನ್ನು ಮೋಸಗೊಳಿಸುವುದು ಅಷ್ಟು ಸುಲಭವಲ್ಲ.

ತಂದ ಮೂರರಲ್ಲಿ ಒಂದು ರೋಲ್‌ನ ತುದಿಯಲ್ಲಿ 1964 ಎಂದಿತ್ತು. ಅದು ಕಾಗದ ಸೇರಿ 252 ಗ್ರಾಂ ತೂಗಿತು. ಅದರ ಜೊತೆ ಭಾವ 1983ರಲ್ಲಿ ಒಂದು ನಾಣ್ಯದ ಅಂಗಡಿಯಿಂದ ಕೊಂಡ ರಸೀದಿಯೂ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿತ್ತು. ‘ಒಳಗೆ ಯಾವ ಇಸವಿಯೇ ಇರಲಿ, ಬೆಳ್ಳಿ ಇದೆ. 250ರಲ್ಲಿ ಶೇಕಡಾ 90 ಅಂದರೆ 225 ಗ್ರಾಂ ಶುದ್ಧ ಬೆಳ್ಳಿ. ಆ ಬೆಲೆಗೆ ಕಡಿಮೆ ಇಲ್ಲ. ಇದನ್ನು ನಾವು ಬಿಚ್ಚುವ ಅಗತ್ಯವೂ ಇಲ್ಲ. ಅಮ್ಮನಿಗೆ ಹೇಳು, ರಸೀದಿ ಸಮೇತ ಮಾರಲಿ, ಬೆಳ್ಳಿಯ ದಿನದ ಧಾರಣೆ ಕೇಳಿಕೊಂಡೇ ಮಾರಲಿ’ ಎಂದರು ಹಿರಿಯರು.

ಎರಡನೆಯದು ಸಾವಿರಾರು ಡಾಲರ್‌ನ ಆಸೆ ಹುಟ್ಟಿಸಿದ ನಿಕ್ಕಲ್ ರೋಲ್. ಒಂದು ತುದಿಯಲ್ಲಿ ಜೆಫರ್ಸನ್ ಮುಖ, 1950. ಇನ್ನೊಂದು ತುದಿಯಲ್ಲಿ ಮಾಂಟಿಸೆಲೊ ಬಂಗಲೆ, ಪಕ್ಕದಲ್ಲಿ ಡಿ. ತೂಕ ಕಾಗದ ಕಳೆದರೆ 200 ಗ್ರಾಂಗೆ ಹತ್ತಿರ. ಆದರೆ ಇಲ್ಲಿ ತಕ್ಕಡಿ ಮೂಕ. ಯಾವ ವರ್ಷದ ನಿಕ್ಕಲ್ ಆದರೂ ತೂಕ 5 ಗ್ರಾಂ. ತೂಕ ಲೋಹವನ್ನು ಹೇಳೀತು, ಇಸವಿಯನ್ನು ಹೇಳಲಾರದು. ರಸೀದಿ ಇಲ್ಲ, ಚೀಟಿ ಇಲ್ಲ. ಭಾವ ಅಮೆರಿಕ ತಲುಪಿದ್ದೇ 1972ರಲ್ಲಿ. ಅಂದ ಮೇಲೆ 1950ರಲ್ಲಿ ಬ್ಯಾಂಕಿನಿಂದ ತಂದವರು ಅವರಂತೂ ಅಲ್ಲ. ನಡುವಿನ 22 ವರ್ಷ ಅದು ಯಾರ ಯಾರ ಕೈಯಲ್ಲಿತ್ತೋ ಗೊತ್ತಿಲ್ಲ.

‘ಇದನ್ನು ಬಿಚ್ಚದೆ ಮಾರಿದರೆ ಏನಾಗುತ್ತದೆ ಮಾಮ?’ ಅಳಿಯ ಕೇಳಿದರು.

‘ಒಳಗೆ ಏನಿದೆ ಅಂತ ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು 1950-ಡಿ ಅಂತ ಹೇಳಿ ಮಾರಿದರೆ ಆ ಮಾತು ನಿನ್ನದಾಗುತ್ತದೆ. ನಿಜವಾಗಿ ಅದೇ ಆಗಿದ್ದರೆ ಬಿಚ್ಚಿದರೂ ಅದು ಅದೇ’ ಎಂದು ಹಿರಿಯರು ಹೇಳಿದರು. ತಂಗಿಗೆ ಫೋನ್ ಮಾಡಿ ಒಪ್ಪಿಗೆ ಪಡೆದರು.

ಊಟದ ಮೇಜಿನ ಮೇಲೆ

ಮನೆಯ ಊಟದ ಮೇಜಿಗೆ ಹಳೆಯ ಬೈರಾಸು ಹಾಸಿ, ಹಿರಿಯರು ಬ್ಲೇಡಿನಿಂದ ಕಾಗದವನ್ನು ಉದ್ದಕ್ಕೆ ಸೀಳಿದರು. ನಾಣ್ಯಗಳನ್ನು ಹತ್ತರಂತೆ ನಾಲ್ಕು ಸಾಲು ಇಟ್ಟರು. ಎಣಿಕೆ ಸರಿ, 40. ತಲೆಯ ಬದಿಯ ತುದಿಯಲ್ಲಿದ್ದ 1950ರ ನಾಣ್ಯವನ್ನು ತಿರುಗಿಸಿದರೆ ಹಿಂದೆ ಅಕ್ಷರವೇ ಇಲ್ಲ. ಅದು ಫಿಲಡೆಲ್ಫಿಯಾದ್ದು. ಇನ್ನೊಂದು ತುದಿಯ ಡಿ ನಾಣ್ಯವನ್ನು ತಿರುಗಿಸಿದರೆ ಇಸವಿ 1954. ನಡುವಿನವೆಲ್ಲ ಸವೆದ, ಬೇರೆ ಬೇರೆ ವರ್ಷಗಳವು. 1950-ಡಿ ಒಂದೂ ಇರಲಿಲ್ಲ. ಬಂಗಲೆಯ ಗುಮ್ಮಟದ ಮೇಲೆ ದೊಡ್ಡ ಪಿ ಅಕ್ಷರವಿದ್ದ 1943ರ ಒಂದು ನಾಣ್ಯ ಸಿಕ್ಕಿತು. ಯುದ್ಧಕಾಲದಲ್ಲಿ ನಿಕ್ಕಲ್ ಲೋಹವನ್ನು ಉಳಿಸಲು 1942ರಿಂದ 1945ರ ನಡುವೆ ಶೇಕಡಾ 35 ಬೆಳ್ಳಿ ಸೇರಿಸಿ ಟಂಕಿಸಿದ ನಾಣ್ಯವದು. ಲಾಭವೆಂದರೆ ಅದೊಂದೇ.

ಅಳಿಯನ ಮುಖ ಸಣ್ಣದಾಯಿತು. ಅಪ್ಪ ಮೋಸಹೋದರೇ ಎಂಬುದೇ ಅವರ ಚಿಂತೆ. ಹಿರಿಯರು ಅದನ್ನು ಒಪ್ಪಲಿಲ್ಲ. ‘ಮೋಸ ಅಂತ ಹೇಳಲಿಕ್ಕೆ ಆಗುವುದಿಲ್ಲ. ಯಾವುದೋ ಬ್ಯಾಂಕಿನ ಕೌಂಟರಿಗೆ ಬಂದ ಚಿಲ್ಲರೆಯನ್ನು ಯಂತ್ರ ಸುತ್ತಿರಬಹುದು. ತುದಿಗೆ ಇದು ಬಿದ್ದಿರಬಹುದು. 40 ಇರಬೇಕಾದಲ್ಲಿ 40 ಇದೆ. ಕಾಗದ ಹೇಳಿದ್ದು ಅಷ್ಟೇ, ಅದು ಸುಳ್ಳು ಹೇಳಲಿಲ್ಲ. ಮಿಕ್ಕದ್ದೆಲ್ಲ ನಾವು ಸೇರಿಸಿದ್ದು’ ಎಂಬುದು ಅವರ ಅಭಿಮತ.

ನಮ್ಮವರಿಗೂ ಎಚ್ಚರಿಕೆ

ಇದು ದೂರದ ದೇಶದ ವಿಷಯವೆಂದು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ರೋಲ್‌ಗಳ ರೂಢಿ ಇಲ್ಲದಿದ್ದರೂ ಹಳೆಯ ನಾಣ್ಯ, ನೋಟುಗಳಿಗೆ ಲಕ್ಷಗಟ್ಟಲೆ ಬೆಲೆ ಕೊಡುತ್ತೇವೆಂಬ ಆಮಿಷ ನಮ್ಮ ಹಿರಿಯರ ಮೊಬೈಲುಗಳಿಗೂ ಬರುತ್ತಿದೆ. 2021ರ ಆಗಸ್ಟಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಈ ಬಗ್ಗೆ ಪ್ರಕಟಣೆ ಹೊರಡಿಸಿತ್ತು. ತನ್ನ ಹೆಸರು, ಲಾಂಛನಗಳನ್ನು ದುರುಪಯೋಗಪಡಿಸಿ ಹಳೆಯ ನೋಟು-ನಾಣ್ಯಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಎಂದು ಹಣ ಕೇಳಲಾಗುತ್ತಿದೆ, ತಾನು ಅಂಥ ವ್ಯವಹಾರ ನಡೆಸುವುದಿಲ್ಲ, ತನ್ನ ಪರವಾಗಿ ಶುಲ್ಕ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟಪಡಿಸಿತು. ನಾಣ್ಯ ಕೊಳ್ಳುವವರು ನಮಗೆ ಹಣ ಕೊಡಬೇಕೇ ಹೊರತು ನಮ್ಮಿಂದ ಮೊದಲು ಹಣ ಕೇಳುವುದೆಂದರೆ ಅಲ್ಲಿಗೆ ಮಾತು ನಿಲ್ಲಿಸುವುದೇ ಜಾಣತನ.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೂ ಇದು ಸಮಯೋಚಿತ. 2025ರ ನವೆಂಬರಿನಲ್ಲಿ ಫಿಲಡೆಲ್ಫಿಯಾ ಟಂಕಸಾಲೆ ಚಲಾವಣೆಗಾಗಿ ಒಂದು ಸೆಂಟ್ ನಾಣ್ಯ ಟಂಕಿಸುವುದನ್ನು ನಿಲ್ಲಿಸಿತು. ಇನ್ನು ಸೆಂಟ್ ರೋಲ್‌ಗಳನ್ನು ಕೂಡಿಡುವವರೂ ಅವನ್ನು ನಿಧಿಯೆಂದು ಮಾರುವವರೂ ಹೆಚ್ಚುವುದು ಸಹಜ. ಕೊಳ್ಳುವ ಮುನ್ನ ತೂಗಿ ನೋಡಬೇಕು. 1982ಕ್ಕೆ ಮೊದಲಿನ ತಾಮ್ರದ ಸೆಂಟ್ 3.11 ಗ್ರಾಂ, ಆ ವರ್ಷ ಬಂದ ಸತುವಿನ ಸೆಂಟ್ 2.5 ಗ್ರಾಂ. 50ರ ರೋಲ್‌ಗೆ ಸುಮಾರು 155 ಮತ್ತು 125 ಗ್ರಾಂ. ಮಾರುವವರು ಅದನ್ನು ಎಲ್ಲಿಂದ, ಯಾವಾಗ ತಂದರೆಂದು ಕೇಳಬೇಕು. ಬಿಚ್ಚಿ ತೋರಿಸಲು ಒಪ್ಪದವರಿಗೆ ಬಿಚ್ಚಿದ ನಾಣ್ಯಕ್ಕೆ ಸಲ್ಲುವ ಬೆಲೆಗಿಂತ ಒಂದು ಕಾಸೂ ಹೆಚ್ಚು ಕೊಡಬಾರದು. ಮನೆಯಲ್ಲಿ ತಾವೇ ಕೂಡಿಡುವವರು ಜೊತೆಗೆ ಒಂದು ಚೀಟಿ ಬರೆದಿಡಬೇಕು. ಅದಕ್ಕೆ ಖರ್ಚಿಲ್ಲ.

ಮೂರನೆಯ ಕಟ್ಟು

ಚೀಟಿಯ ಮಾತು ಬಂದದ್ದು ಮೂರನೆಯ ರೋಲ್‌ನಿಂದ. ಅದೂ ಕ್ವಾರ್ಟರ್‌ಗಳದ್ದೇ. ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷಕ್ಕೆ ಹೊರತಂದ, ನಗಾರಿ ಬಾರಿಸುವವನ ಚಿತ್ರವಿರುವ ನಾಣ್ಯ. 1776-1976 ಎಂದು ಎರಡು ಇಸವಿಗಳಿರುವ ಈ ನಾಣ್ಯ ಕೋಟಿಗಟ್ಟಲೆ ಹೊರಬಂದದ್ದರಿಂದ, ಚಲಾವಣೆಗೆ ಬಂದದ್ದರಲ್ಲಿ ಬೆಳ್ಳಿಯೂ ಇಲ್ಲದ್ದರಿಂದ, ಮಾರುಕಟ್ಟೆಯಲ್ಲಿ ಮುಖಬೆಲೆಗಿಂತ ಹೆಚ್ಚೇನೂ ಸಿಗಲಾರದು. ಕಾಗದದ ಮೇಲೆ ಬಾಲ್‌ಪೆನ್ನಿನಲ್ಲಿ ಭಾವನ ದುಂಡು ಕನ್ನಡ ಅಕ್ಷರ: ‘ಬ್ಯಾಂಕಿನಿಂದ ತಂದದ್ದು, ಜುಲೈ 1976. ಮಗು ಹುಟ್ಟಿದ ವಾರ.’ ಕೆಳಗೆ ಸಹಿ.

ಆ ಮಗು ಈಗ ಐವತ್ತರ ಹೊಸ್ತಿಲಲ್ಲಿರುವ ಅಳಿಯ. ಕನ್ನಡ ಮಾತಾಡಬಲ್ಲರು, ಓದಲಾರರು. ನ್ಯೂಜೆರ್ಸಿಯಲ್ಲಿ ಮೂರೂ ಕಟ್ಟುಗಳನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದರೂ ಅದೇನು ಬರೆದಿದೆಯೆಂದು ತಿಳಿದಿರಲಿಲ್ಲ. ತಾಯಿಯ ಕಣ್ಣಿಗೆ ಈಗ ಸಣ್ಣ ಅಕ್ಷರ ಹಿಡಿಯುವುದಿಲ್ಲ. ಮಾಮ ಓದಿ ಹೇಳಿದರು.

ಮೂರರಲ್ಲಿ ಎಲ್ಲಿಂದ ಬಂತು, ಯಾವಾಗ ಬಂತು, ಯಾರ ಕೈಯಿಂದ ಬಂತು ಎಂಬ ಮೂರಕ್ಕೂ ಸಾಕ್ಷಿ ಇದ್ದದ್ದು ಅದೊಂದಕ್ಕೇ. ಬೆಳ್ಳಿಯ ರೋಲ್ ರಸೀದಿ ಸಮೇತ ನ್ಯೂಜೆರ್ಸಿಗೆ ಹಿಂತಿರುಗಿ ಮಾರಾಟವಾಯಿತು. ಆಸ್ಪತ್ರೆಯ ಬಿಲ್ಲಿನ ಒಂದು ಪಾಲು ಅದರಿಂದ ತೀರಿತು. 1976ರ ರೋಲ್ ಬಿಚ್ಚದೆಯೇ ಅಳಿಯನ ಮನೆಯಲ್ಲಿದೆ.

ಬಿಚ್ಚಿದ ನಿಕ್ಕಲ್‌ಗಳನ್ನು ಹಿರಿಯರು ಸುಮ್ಮನೆ ಬಿಡಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ನಲ್ವತ್ತನ್ನೂ ಒಟ್ಟು ಮಾಡಿ ಬಿಗಿಯಾಗಿ ಸುತ್ತಿ, ಅಂಟು ಹಚ್ಚಿ, ಮೇಲೆ ಒಂದು ಚೀಟಿ ಅಂಟಿಸಿದರು. ‘5 ಸೆಂಟ್, 40 ನಾಣ್ಯ, ಬೇರೆ ಬೇರೆ ಇಸವಿ, 1950-ಡಿ ಇಲ್ಲ. ಎಣಿಸಿದೆ.’ ತಾರೀಕು ಹಾಕಿ, ಕೌಂಟರಿನಲ್ಲಿ ಮೂವತ್ತೈದು ವರ್ಷ ಹಾಕಿದ ಅದೇ ಗಿಡ್ಡ ಸಹಿ ಹಾಕಿದರು.